ಎರಿ ಹೊಲದ ಚಿಗರಿ, ಕಥೆಯೊಳಗಿನ ಜಿಂಕೆ

ಮಾರೀಚ ಯಾವ ಪ್ರಾಣಿಯ ಮೈ ತೊಟ್ಟು ಬಂದ? ವಾಲ್ಮೀಕಿಯ ಅರಣ್ಯಕಾಂಡ ಓದುವಾಗಲೆಲ್ಲ ಈ ಜಾಗದಲ್ಲಿ ನಿಂತುಬಿಡುತ್ತೇನೆ. ಬಂಗಾರದ ಮೈ, ಮೈತುಂಬ ಬೆಳ್ಳಿ ಚುಕ್ಕೆ, ಕೊಂಬಿನ ತುದಿಯಲ್ಲಿ ರತ್ನ, ವೈಡೂರ್ಯದ ಗೊರಸು, ಕಾಮನಬಿಲ್ಲಿನ ಬಣ್ಣದ ಬಾಲ. ಜೊತೆಗೆ ಒಂದಿಷ್ಟು ಕಪ್ಪು, ಒಂದಿಷ್ಟು ಬಿಳುಪು ಇರುವ ಮುಖ. ಚುಕ್ಕೆ ಎಂದ ಮೇಲೆ ಅದು ಕಾಡಂಚಿನ ಚುಕ್ಕೆ ಜಿಂಕೆಯಾಗಬೇಕು. ಆದರೆ ಚುಕ್ಕೆ ಜಿಂಕೆಗೆ ಅಂಥ ಮುಖವಿಲ್ಲ. ಆ ಮುಖ ಇರುವುದು ಕೃಷ್ಣಮೃಗದ ಗಂಡಿಗೆ, ಯಲಬುರ್ಗಾ ಕುಕನೂರಿನ ಕಡೆ ಚಿಗರಿ ಎಂದು ಕರೆಯುವ ಪ್ರಾಣಿಗೆ. ಕಪ್ಪು ಮೋರೆ, ಕಣ್ಣಿನ ಸುತ್ತ ಬಿಳಿ, ಗದ್ದವೂ ಬಿಳಿ. ಕ್ಯಾಲೆಂಡರಿನ ಚಿತ್ರಗಾರರು ಚುಕ್ಕೆಯನ್ನು ಉಳಿಸಿಕೊಂಡರು, ಮುಖವನ್ನು ಬಿಟ್ಟರು. ಹಾಗಾಗಿ ನಮ್ಮ ಕಣ್ಣಿಗೆ ಕಟ್ಟಿರುವ ಮಾಯಾಮೃಗ ಅರ್ಧ ಮಾತ್ರ.

ರೂಪಕ್ಕಿಂತ ಅದರ ನಡತೆ ಇನ್ನೂ ಕಾಡುತ್ತದೆ. ಹತ್ತಿರ ಬಂದಂತೆ ಮಾಡುವುದು, ದೂರ ಓಡುವುದು, ಮರೆಯಾಗುವುದು, ಮತ್ತೆ ಕಾಣಿಸಿಕೊಳ್ಳುವುದು. ಇದೆಲ್ಲ ರಾಕ್ಷಸನ ಕಪಟ ಎಂದು ಕಥೆ ಹೇಳುತ್ತದೆ. ಕುಕನೂರಿನ ಹೊರಗೆ ಯಾವುದೇ ಎರಿ ಹೊಲದ ಬದುವಿನ ಮೇಲೆ ನಡೆದು ನೋಡಿ, ಚಿಗರಿಯ ಹಿಂಡು ಇದನ್ನೇ ಮಾಡುತ್ತದೆ. ಒಂದಷ್ಟು ದೂರ ಓಡಿ ನಿಲ್ಲುತ್ತವೆ. ತಿರುಗಿ ನೋಡುತ್ತವೆ. ನಾವು ನಾಲ್ಕು ಹೆಜ್ಜೆ ಇಟ್ಟರೆ ಮತ್ತೆ ಅಷ್ಟೇ ದೂರ. ಅವುಗಳಲ್ಲಿ ಕಪಟವಿಲ್ಲ. ತಮಗೂ ಮನುಷ್ಯನಿಗೂ ನಡುವೆ ಇಂತಿಷ್ಟು ನೆಲ ಇರಲೇಬೇಕು ಎಂಬ ಲೆಕ್ಕ ಅವಕ್ಕಿದೆ, ಅಷ್ಟೇ. ಬಯಲಿನಲ್ಲಿ ಈ ಪ್ರಾಣಿಯ ಹಿಂದೆ ಅಲೆದು ದಣಿದವರು ಯಾರೋ ಹೇಳಿದ್ದು ಕವಿಯ ಕಿವಿಗೆ ಬಿದ್ದಿರಬೇಕು ಎಂದು ನನ್ನ ನಂಬಿಕೆ.

ಆ ಓಟದಿಂದಲೇ ಅಲ್ಲವೇ ರಾಮ ಈ ಕೊಪ್ಪಳ ಜಿಲ್ಲೆಗೆ ಬಂದದ್ದು? ಪಂಚವಟಿಯಲ್ಲಿ ಜಿಂಕೆ, ಆಮೇಲೆ ಸೀತೆಯ ಹುಡುಕಾಟ, ಆಮೇಲೆ ಕಿಷ್ಕಿಂಧೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಪಂಪಾ ಸರೋವರ, ಅಂಜನಾದ್ರಿ, ಇವೆಲ್ಲ ಕಥೆಯೊಳಕ್ಕೆ ಬರುವುದು ಒಂದು ಸುಳ್ಳು ಜಿಂಕೆಯ ಬೆನ್ನು ಹತ್ತಿ.

ಅದೇ ಸೀಮೆಯ ಹಿರೇಬೆಣಕಲ್ ಬೆಟ್ಟ.

ಮೇಲೆ, ಜನ ಮೋರೇರ ಮನೆ ಎನ್ನುವ ಕಲ್ಲಿನ ಗೋರಿಗಳು ನೂರಾರು ನಿಂತಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ. ಹತ್ತುವ ದಾರಿಯಲ್ಲಿ ಬಂಡೆಗಳ ಅಡಿ ಕೆಮ್ಮಣ್ಣಿನ ಚಿತ್ರಗಳಿವೆ: ಕೈ ಹಿಡಿದು ನಿಂತ ಜನ, ಕುದುರೆ ಸವಾರರು, ಎತ್ತು, ಕೊಂಬಿನ ಮಿಗ. ಬಂಡೆಯ ಮೇಲಿನ ಆ ಮಿಗಗಳ ಮುಂದೆ ಬಹಳ ಹೊತ್ತು ಕೂತಿದ್ದೇನೆ. ಬರೆದವನು ಮೈಯನ್ನು ಒಂದೇ ಗೀಟಿನಲ್ಲಿ ಮುಗಿಸಿದ್ದಾನೆ, ಕಾಲು ನಾಲ್ಕು ಕಡ್ಡಿ. ಕೊಂಬಿನ ಹತ್ತಿರ ಬಂದಾಗ ಮಾತ್ರ ಕೈ ನಿಧಾನವಾಗಿದೆ. ಬದುಕಿಗೆ ಬೇಟೆಯನ್ನೇ ನೆಚ್ಚಿದ್ದರೆ ತೊಡೆಯನ್ನು ದಪ್ಪಗೆ ಬರೆಯಬೇಕಿತ್ತು, ಮಾಂಸ ಇರುವುದು ಅಲ್ಲಿ. ಕೊಂಬನ್ನು ತಿನ್ನಲಾಗುವುದಿಲ್ಲ. ಆದರೂ ಅವನ ಗಮನವೆಲ್ಲ ಕೊಂಬಿನ ಮೇಲೆ. ಹಸಿವಿನ ಆಚೆಗೂ ಅವನಿಗೆ ಈ ಪ್ರಾಣಿಯಲ್ಲಿ ಏನೋ ಬೇಕಿತ್ತು.

ಪಕ್ಕದಿಂದ ನೋಡಿ ಬರೆದ ಚಿತ್ರದಲ್ಲಿ ಎರಡು ಕೊಂಬು ಕೂಡಿ ಒಂದಾಗಿ ಕಾಣುವುದುಂಟು. ಬಯಲಲ್ಲಿಯೂ ಹಾಗೆಯೇ, ಗಂಡು ಸರಿಯಾಗಿ ಅಡ್ಡ ನಿಂತಾಗ ಒಂದೇ ಕೊಂಬು. ಪರ್ಷಿಯಾದ ಆಸ್ಥಾನದಲ್ಲಿದ್ದ ಗ್ರೀಕ್ ವೈದ್ಯ ಕ್ಟೀಸಿಯಸ್ ಭಾರತವನ್ನು ನೋಡದೆಯೇ ಇಲ್ಲಿ ಒಂಟಿ ಕೊಂಬಿನ ಕಾಡುಕತ್ತೆಗಳಿವೆ ಎಂದು ಬರೆದ. ಯುರೋಪಿನ ಒಂಟಿಕೊಂಬಿನ ಕುದುರೆಯ ಕಥೆಗಳಿಗೆ ಅದೂ ಒಂದು ಮೂಲ. ನಮ್ಮಲ್ಲಿ ಮಹಾಭಾರತದ ಋಷ್ಯಶೃಂಗ ಇದ್ದಾನೆ. ಹೆಣ್ಣು ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ, ತಲೆಯ ಮೇಲೆ ಕೊಂಬಿನ, ಹೆಣ್ಣನ್ನೇ ನೋಡದೆ ಬೆಳೆದ ಹುಡುಗ. ಶೃಂಗೇರಿಯ ಹತ್ತಿರ ಕಿಗ್ಗದಲ್ಲಿ ಅವನ ಹೆಸರಿನ ದೇವಸ್ಥಾನವಿದೆ. ಕಲ್ಪನೆಯ ಲೋಕದಲ್ಲಿ ಕೊಂಬು ಯಾವಾಗಲೂ ಶುದ್ಧತೆಯ ಗುರುತು. ಹೊಲದಲ್ಲಿ ಅದು ಜಗಳದ ಸಾಮಾನು.

ಯಲಬುರ್ಗಾ ರಸ್ತೆ, ಹಿಂಗಾರಿ ಕಡಲೆ ಎದ್ದ ಹೊತ್ತು.

ಒಂದು ಗಂಡು. ಎರಡು ಹೊಲದ ನಡುವೆ ಉಳಿದ ಬೀಳಿನ ತುಂಡೊಂದು ಅವನದು. ಹೆಣ್ಣುಗಳ ಹಿಂಡು ಆಚೆ ಮೇಯುತ್ತಿದೆ, ಒಂದಕ್ಕೂ ಕೊಂಬಿಲ್ಲ, ಮೈ ಒಣ ಹುಲ್ಲಿನ ಬಣ್ಣ. ಅವನು ಮೂಗನ್ನು ಆಕಾಶಕ್ಕೆ ಎತ್ತಿದ. ಕೊಂಬು ಬೆನ್ನಿಗೆ ತಾಗುವಷ್ಟು ಹಿಂದಕ್ಕೆ ಬಾಗಿತು, ಹುರಿ ಹೊಸೆದ ಹಗ್ಗದ ಹಾಗೆ ಮೂರು ನಾಲ್ಕು ಸುತ್ತು ಇರುವ ಕೊಂಬು. ಕಿವಿ ಕೆಳಗೆ ಬಿತ್ತು. ಹಾಗೇ ನಡೆದ, ಒಂದೊಂದೇ ಹೆಜ್ಜೆ ಎತ್ತಿ ಇಡುತ್ತ. ನೆಲವನ್ನೇ ನೋಡದೆ ಹೀಗೆ ನಡೆದರೆ ಎಡವುವುದಿಲ್ಲವೇ? ಎಡವಲಿಲ್ಲ. ಒಂದು ಒಣ ಗಿಡದ ಹತ್ತಿರ ನಿಂತು ಕಣ್ಣಿನ ಕೆಳಗಿನ ಗ್ರಂಥಿಯನ್ನು ಕಡ್ಡಿಯ ತುದಿಗೆ ಒರೆಸಿದ, ಬಹಳ ಜೋಪಾನವಾಗಿ. ಕಡ್ಡಿ ಕಣ್ಣಿಗೆ ಚುಚ್ಚೀತೆಂದು ನನ್ನ ಎದೆ ಝಲ್ಲೆಂದಿತು. ಆಮೇಲೆ ಹಿಕ್ಕೆಯ ಗುಡ್ಡೆಯೊಂದರ ಮೇಲೆ ನಿಂತು ಮತ್ತೆ ಹಿಕ್ಕೆ ಹಾಕಿದ. ಹೊಸದು, ಹಳೆಯದು, ಪುಡಿಯಾದದ್ದು, ಎಲ್ಲ ಒಂದೇ ಕಡೆ. ದಿನವೂ ಇಲ್ಲಿಗೇ ಬರುತ್ತಾನೆ.

ಇದು ಅವನ ಗಡಿ. ಕಂದಾಯ ಇಲಾಖೆಯ ನಕ್ಷೆಯಲ್ಲಿ ಇಲ್ಲದ ಸರ್ವೆ. ಸ್ವಂತ ಜಾಗ ಇಲ್ಲದ ಗಂಡುಗಳು ಬೇರೆಯೇ ಗುಂಪು ಕಟ್ಟಿಕೊಂಡು ಅಲೆಯುತ್ತವೆ. ಅವುಗಳಲ್ಲಿ ಕೆಲವು ಇನ್ನೂ ಕಂದು, ಕೆಲವು ಅರ್ಧ ಕಪ್ಪು. ಗುಜರಾತಿನ ವೆಲವದರದ ಬಯಲಲ್ಲಿ ಗಂಡುಗಳು ಪಕ್ಕಪಕ್ಕದಲ್ಲೇ ಸಣ್ಣ ಸಣ್ಣ ಜಾಗ ಹಿಡಿದು ನಿಲ್ಲುತ್ತವೆ, ಹೆಣ್ಣುಗಳು ಬಂದು ಆರಿಸಿಕೊಳ್ಳುತ್ತವೆ. ಸ್ವಯಂವರವೆಂದರೆ ಅದು. ಇಲ್ಲಿ ಹೊಲದ ತುಂಡುಗಳ ನಡುವೆ ಅಂಥ ದೊಡ್ಡ ಅಂಗಳ ಎಲ್ಲಿಂದ ಬರಬೇಕು?

ಕಪ್ಪಿನ ಒಗಟು ಬಿಡಿಸಲಾಗುತ್ತಿಲ್ಲ. ಕೊಪ್ಪಳದ ಬಿಸಿಲಿನಲ್ಲಿ ಯಾವ ಪ್ರಾಣಿ ಕಪ್ಪು ಬಣ್ಣ ಹಾಕಿಕೊಂಡೀತು? ಹುಟ್ಟುವಾಗ ಗಂಡೂ ಕಂದೇ. ಮೂರು ವರ್ಷದ ಹೊತ್ತಿಗೆ ಕಪ್ಪಾಗಲು ತೊಡಗುತ್ತದೆ, ವಯಸ್ಸು ಏರಿದಂತೆ ಗಾಢವಾಗುತ್ತದೆ. ವರ್ಷವಿಡೀ ಒಂದೇ ಕಪ್ಪೂ ಅಲ್ಲ, ಬೇಸಿಗೆಯ ಹೊತ್ತಿಗೆ ಮಾಸುತ್ತದೆ. ಹರಗಿದ ಎರಿ ಮಣ್ಣಿನ ಮೇಲೆ ಕೂತರೆ ದೂರದಿಂದ ಗೊತ್ತೇ ಆಗುವುದಿಲ್ಲ. ಅದೇ ಗಂಡು ಹಸಿರು ಕಡಲೆಯಲ್ಲಿ ನಿಂತರೆ ಹರದಾರಿ ದೂರಕ್ಕೆ ಕಾಣುತ್ತದೆ. ಹೆಣ್ಣಿಗೆ ಕಾಣಲಿ, ಎದುರಾಳಿಗೆ ಕಾಣಲಿ ಎಂದೇ ಈ ಬಣ್ಣ, ಸರಿ. ಆದರೆ ತೋಳಕ್ಕೂ ಕಾಣುತ್ತದಲ್ಲ. ಅಷ್ಟು ಅಪಾಯ ಹೊತ್ತೂ ಬದುಕಿದ್ದೇನೆ ಎಂದು ಸಾರುವುದೇ ಗಂಡಿನ ಅರ್ಹತೆ ಇರಬಹುದು. ಕಲ್ಪನೆಯ ಪ್ರಾಣಿಗೆ ಬಣ್ಣ ಹಚ್ಚುವಾಗ ಯಾರೂ ಈ ಲೆಕ್ಕ ಹಾಕುವುದಿಲ್ಲ. ಚಿನ್ನದ ಜಿಂಕೆಗೆ ಚಿನ್ನದ ಮೈಯಿಂದ ಏನು ನಷ್ಟವಾಯಿತು ಎಂದರೆ ಪ್ರಾಣವೇ ಹೋಯಿತು. ವಾಲ್ಮೀಕಿ ಮಾತ್ರ ಆ ಲೆಕ್ಕವನ್ನೂ ಬಿಡಲಿಲ್ಲ.

ಓಟ. ಗಂಟೆಗೆ 80 ಕಿಲೋಮೀಟರ್ ವೇಗ ಎನ್ನುತ್ತಾರೆ. ಗಾಬರಿಯಾದಾಗ ಮೊದಲು ಒಂದು ಹೆಣ್ಣು ನೆಲದಿಂದ ನೇರ ಮೇಲಕ್ಕೆ ನೆಗೆಯುತ್ತದೆ, ನಾಲ್ಕೂ ಕಾಲು ಒಟ್ಟಿಗೆ. ಬೆನ್ನಿಗೇ ಇನ್ನೊಂದು, ಮತ್ತೊಂದು. ಹಿಂಡು ಹಿಂಡೇ ಗಾಳಿಯಲ್ಲಿ. ಆಮೇಲೆ ಸಮನೆಯ ಓಟ. ಹುಬ್ಬಳ್ಳಿ–ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಬಸ್ಸುಗಳಿಗೆ ಚಿಗರಿ ಎಂದು ಹೆಸರಿಟ್ಟವರು ಈ ಓಟವನ್ನು ಕಂಡವರೇ ಇರಬೇಕು.

ಯಾರಿಂದ ತಪ್ಪಿಸಿಕೊಳ್ಳಲು ಇಷ್ಟು ವೇಗ? ತೋಳಕ್ಕೆ ಇಷ್ಟು ಬೇಕಿಲ್ಲ, ನಾಯಿಗೂ ಬೇಕಿಲ್ಲ. ಇದು ಚೀತಾಕ್ಕೆ ಉತ್ತರವಾಗಿ ಬೆಳೆದ ಕಾಲು. ಆ ಚೀತಾ ಭಾರತದಲ್ಲಿ ನಿರ್ನಾಮವಾಯಿತೆಂದು 1952ರಲ್ಲೇ ಘೋಷಿಸಿದರು. ಬೆನ್ನಟ್ಟುವವನು ಹೋಗಿ ಎಪ್ಪತ್ತು ವರ್ಷ ದಾಟಿದರೂ ಕಾಲು ಅವನನ್ನು ಮರೆತಿಲ್ಲ.

ಉಳಿದಿರುವುದು ತೋಳ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರಿನ ತೋಳಧಾಮ ಆಗಿದೆ, ರಾಜ್ಯಕ್ಕೇ ಮೊದಲನೆಯದು. ದೇಶದಲ್ಲಿ ಅದಕ್ಕಿಂತ ಹಿಂದಿನದು ಜಾರ್ಖಂಡದ ಮಹುವಾಡಾಂಡ್, 1976ರದು. ಕುರುಚಲು ಗಿಡ, ಬಂಡೆ, ಗವಿ ಇರುವ ಜಾಗ. ತೋಳಕ್ಕೆಂದು ನೆಲ ತೆಗೆದಿಟ್ಟ ಜಿಲ್ಲೆ ಎಂದು ಹೆಮ್ಮೆ ಅನ್ನಿಸುತ್ತದೆ. ಕುರಿಗಾರರಿಗೆ ತೋಳ ನಷ್ಟದ ಪ್ರಾಣಿ, ನಿಜ. ಹಾಗಿದ್ದೂ ತೋಳ ಈ ಸೀಮೆಯಲ್ಲಿ ಉಳಿದು ಬಂದಿದೆಯೆಂದರೆ ಕುರಿಗಾರರ ಸಹನೆಯ ಪಾಲೂ ಅದರಲ್ಲಿದೆ.

ದೇವರ ಕೈಯಲ್ಲಿ. ದಕ್ಷಿಣದ ಶಿವನ ಕಂಚಿನ ಮೂರ್ತಿಗಳಲ್ಲಿ ಎತ್ತಿದ ಎಡಗೈಯ ಬೆರಳ ತುದಿಯ ಮೇಲೆ ಪುಟ್ಟ ಮಿಗವೊಂದು ಹಿಂಗಾಲ ಮೇಲೆ ನಿಂತಿರುತ್ತದೆ. ವಾಯುವಿಗೆ ಅದೇ ವಾಹನ. ಋಷಿಗಳಿಗೆ ಅದರ ತೊಗಲೇ ಆಸನ. ಕೃಷ್ಣಮೃಗ ತಾನಾಗಿ ಅಡ್ಡಾಡುವ ನೆಲವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಗಡಿ ಹಾಕುತ್ತದೆ. ಆ ಅಳತೆಯಲ್ಲಿ ಕುಕನೂರು ಸೀಮೆಯ ಎರಿ ಹೊಲಗಳಿಗೆ ಸಾಟಿ ಇಲ್ಲ. ಜಹಾಂಗೀರ ತಾನು ಸಾಕಿದ ಮಾನಸರಾಜ ಎಂಬ ಮಿಗ ಸತ್ತಾಗ ಶೇಖುಪುರದಲ್ಲಿ ಗೋಪುರವನ್ನೇ ಕಟ್ಟಿಸಿದ, ಇಂದಿಗೂ ಅದು ಹಿರನ್ ಮಿನಾರ್. ಇವೆಲ್ಲ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಕಲ್ಪನೆಯ ಮಿಗ ಏನನ್ನೂ ತಿನ್ನುವುದಿಲ್ಲ. ಶಿವನ ಕೈಯದು ಮೇಯುವುದಿಲ್ಲ. ಮಾರೀಚ ಚಿಗುರು ಮೇದದ್ದು ಸೀತೆಯ ಕಣ್ಣಿಗೆ ಬೀಳಲೆಂದು.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಅವುಗಳಲ್ಲಿ ಪ್ರಾಣಿಗಳ ಪಟ್ಟಿ ಇಲ್ಲ. ಆದರೆ ಆಂಧ್ರದ ಕರ್ನೂಲು ಕಡೆಯ ಎರ್ರಗುಡಿಯಲ್ಲೂ ಇರುವ ಮೊದಲನೆಯ ಬಂಡೆಶಾಸನದಲ್ಲಿ ಅರಸ ತನ್ನ ಅಡುಗೆಮನೆಯ ಲೆಕ್ಕವನ್ನು ಒಪ್ಪಿಸುತ್ತಾನೆ. ಮೊದಲು ಲೆಕ್ಕವಿಲ್ಲದಷ್ಟು ಪ್ರಾಣಿ, ಈಗ ದಿನಕ್ಕೆ ಮೂರು ಮಾತ್ರ, ಎರಡು ನವಿಲು ಒಂದು ಮಿಗ, ಆ ಮಿಗವೂ ದಿನವೂ ಅಲ್ಲ, ಮುಂದೆ ಇವನ್ನೂ ಕೊಲ್ಲುವುದಿಲ್ಲ. ಒಬ್ಬ ಚಕ್ರವರ್ತಿ ಒಂದು ಮಿಗದ ಬಗ್ಗೆ ಇಷ್ಟು ಸಂಕೋಚದಿಂದ ಕಲ್ಲಿನಲ್ಲಿ ಬರೆಸಿದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ನಾಲ್ಕು ಕೊಂಬಿನ ಮಿಗವೊಂದನ್ನು ಮಕ್ಕಳು ಚಿತ್ರದಲ್ಲಿ ಬರೆದರೆ ಮೇಷ್ಟ್ರು ತಿದ್ದಿಯಾರು. ಜಗಳೂರಿನ ಹತ್ತಿರ ರಂಗಯ್ಯನದುರ್ಗದ ಕಾಡಿನಲ್ಲಿ ಅದು ಇದೆ, ಕೊಂಡುಕುರಿ. ಎರಡು ಕೊಂಬು ಕಿವಿಯ ನಡುವೆ, ಇನ್ನೆರಡು ಚಿಕ್ಕವು ಹಣೆಯ ಮೇಲೆ. ಬಾಗಲಕೋಟೆಯ ಯಡಹಳ್ಳಿಯಲ್ಲಿ ಚಿಂಕಾರ ಇದೆ, ಅದರ ಹೆಣ್ಣಿಗೂ ಕೊಂಬುಂಟು. ಚಿಗರಿಯೂ ಸೇರಿ ಈ ಮೂರೂ ಜಿಂಕೆಗಳಲ್ಲ, ಆಡು ಕುರಿಗಳ ದಾಯಾದಿಗಳು. ಜಿಂಕೆಯ ಕವಲು ಕೊಂಬು ವರ್ಷವರ್ಷ ಉದುರುತ್ತದೆ. ಇವುಗಳ ಕೊಂಬು ಹುಟ್ಟಿದರೆ ಸಾಯುವವರೆಗೆ. 1758ರಲ್ಲಿ ಲಿನೇಯಸ್ ಚಿಗರಿಗೆ ಹೆಸರಿಡುವಾಗ ಆಡಿನ ಪಂಗಡಕ್ಕೇ ಸೇರಿಸಿದ್ದ.

ಹೊಸ ಲೋಕವೊಂದನ್ನು ಕಲ್ಪಿಸಿ ಕಥೆ ಬರೆಯುವ ಹುಡುಗರಿಗೆ ಹೇಳಬೇಕೆನಿಸುತ್ತದೆ. ಕೊಂಬು ಎಷ್ಟು, ಬಣ್ಣ ಯಾವುದು ಎಂದು ಆಮೇಲೆ ಯೋಚಿಸಿ. ನಿಮ್ಮ ಪ್ರಾಣಿ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾರ ಹೊಲದಲ್ಲಿ ಎನ್ನುವುದನ್ನು ಮೊದಲು ತೀರ್ಮಾನಿಸಿ.

ಯಾರ ಹೊಲದಲ್ಲಿ ಎಂಬ ಪ್ರಶ್ನೆಗೆ ಯಲಬುರ್ಗಾ ಕಡೆಯ ಒಬ್ಬ ಹಿರಿಯರು ಉತ್ತರ ಕೊಟ್ಟರು. ಹೊಲದ ಸುತ್ತ ಹಳೇ ಸೀರೆ ಕಟ್ಟಿದ್ದರು, ಕೆಂಪು, ಹಳದಿ, ಹೂವಿನವು. "ತಮ್ಮಾ, ಒಂದ್ ಎಂಟ್ ದಿನ ಸೀರಿಗೆ ಅಂಜತಾವು. ಆಮ್ಯಾಲೆ ಅದರ ಬಾಜೂಕ ನಿಂತ ಮೇಯತಾವು. ಹೊಡೀಬೇಕಂದ್ರ ಕಾನೂನು ಬಿಡೂದಿಲ್ಲ. ಕಾನೂನು ಬಿಟ್ರೂ ನಮಗ ಮನಸ್ಸ ಬರೂದಿಲ್ಲ. ಹೆಸರ ಎರಡ ಸಲ ಬಿತ್ತೀನಿ ಈ ವರ್ಷ."

ಅವರ ಮನೆಯವರು ಬುಟ್ಟಿ ಇಳಿಸುತ್ತ ಸೇರಿಸಿದರು: "ತಿನ್ನೂದು ಹೋಗ್ಲಿ ಬಿಡ್ರಿ, ಮಲಗಿ ಹೊಳ್ಳಾಡಿ ತುಳೀತಾವ ನೋಡ್ರಿ, ಅದ ಹೆಚ್ಚು."

ಬಗ್ಗಿ ನೋಡಿದೆ. ಕಡಲೆಯ ಸಾಲಿನಲ್ಲಿ ಪ್ರತಿ ಗಿಡದ ನೆತ್ತಿಯನ್ನೂ ಅಳೆದಂತೆ ಕತ್ತರಿಸಿತ್ತು, ಕೆಳಗಿನ ಎಲೆ ಮುಟ್ಟಿರಲಿಲ್ಲ. ನಾಲ್ಕು ಸಾಲು ದಾಟಿದರೆ ಮೊಳಕೆಯೇ ಇಲ್ಲ, ಬರೀ ಗೊರಸಿನ ಗುರುತು, ಎರಡು ಚೂಪು ಎಸಳು ಜೋಡಿಸಿಟ್ಟಂತೆ. ಬೆಳೆದ ಗಿಡಕ್ಕಿಂತ ಎಳೆಯದು ಅವಕ್ಕೆ ಇಷ್ಟ. ಬಿತ್ತಿದ ಮೊದಲ ವಾರಗಳಲ್ಲೇ ಎಲ್ಲ ಮುಗಿದುಹೋಗುತ್ತದೆ. ಆ ರಾತ್ರಿಗಳಲ್ಲಿ ಹೊಲದಲ್ಲೇ ಮಲಗಬೇಕು, ಡಬ್ಬಿ ಬಾರಿಸಬೇಕು, ಕೂಗು ಹಾಕಬೇಕು. ಹಗಲು ಮತ್ತೆ ದುಡಿಯಬೇಕು. ಇಂಥವರ ಮುಂದೆ ನಿಂತು ಚಿಗರಿಯ ಚೆಲುವನ್ನು ಹೊಗಳಲು ನನಗೆ ಬಾಯಿ ಬರಲಿಲ್ಲ. ಅವರೇ ಹೊಗಳಿದರು. ಹಿಂಡು ನೆಗೆದು ಹೋಗುವಾಗ ಕೆಲಸ ಬಿಟ್ಟು ನೋಡುತ್ತಾರಂತೆ.

ಮರಿ. ಹಸುಳೆಯನ್ನು ತಾಯಿ ಹುಲ್ಲಿನಲ್ಲೋ ಬೆಳೆಯಲ್ಲೋ ಮಲಗಿಸಿ ದೂರ ಮೇಯುತ್ತದೆ, ಹಾಲೂಡಿಸುವ ಹೊತ್ತಿಗೆ ಮಾತ್ರ ಬರುತ್ತದೆ. ಮರಿ ಅಲುಗಾಡುವುದಿಲ್ಲ. ಕಳೆ ತೆಗೆಯುವವರ ಕಾಲಿಗೇ ಸಿಗುವಷ್ಟು ಹತ್ತಿರವಾದರೂ ಕಣ್ಣು ಮಾತ್ರ ತೆರೆದಿರುತ್ತದೆ. ತಬ್ಬಲಿ ಎಂದು ತಿಳಿದು ಮನೆಗೆ ಎತ್ತಿಕೊಂಡು ಹೋಗುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ. ಆದರೆ ಅದು ತಬ್ಬಲಿಯಾಗುವುದು ಎತ್ತಿದ ಮೇಲೆ. ಆರು ತಿಂಗಳು ಹೊತ್ತು ಒಂದೇ ಮರಿ ಹಾಕುವ ತಾಯಿ ಸಂಜೆ ಬಂದು ಬರಿದಾದ ಜಾಗ ಮೂಸುತ್ತದೆ.

ಗಂಗಾವತಿಯ ಗದ್ದೆಗಳಲ್ಲಿ ಚಿಗರಿ ಯಾಕಿಲ್ಲ? 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು, ಎಡದಂಡೆ ಕಾಲುವೆ ಹರಿಯಿತು, ಬಯಲು ಭತ್ತವಾಯಿತು. ಕೆಸರಿನಲ್ಲಿ ಈ ಕಾಲು ಓಡಲಾರದು. ಯಲಬುರ್ಗಾ, ಕುಕನೂರಿನ ಮಳೆಯಾಶ್ರಿತ ಎರಿಯಲ್ಲಿ ಉಳಿದಿವೆ, ಕುಷ್ಟಗಿಯ ಮಸಾರಿಯ ಕಡೆಗೂ ಅಲ್ಲಲ್ಲಿ. ಅಂದರೆ ನೀರಾವರಿ ಬಾರದ ಬಡ ಹೊಲಗಳೇ ಅವುಗಳ ಕೊನೆಯ ಮನೆ, ಆ ಬಡ ಹೊಲದವರೇ ಅವುಗಳ ಊಟದ ಖರ್ಚು ಹೊತ್ತವರು. ಇದರಲ್ಲಿ ದೊಡ್ಡ ಅನ್ಯಾಯವಿದೆ.

ಈಗ ಆ ಬಯಲಿನಲ್ಲೂ ಗಾಳಿ ವಿದ್ಯುತ್ತಿನ ಕಂಬಗಳು ಎದ್ದಿವೆ, ಒಂದೊಂದಕ್ಕೂ ದಾರಿ. ಗದಗ–ವಾಡಿ ರೈಲು ಮಾರ್ಗ ಕುಕನೂರು, ಯಲಬುರ್ಗಾ, ಕುಷ್ಟಗಿ ಮೇಲೆ ಹಾಯುತ್ತದೆ. ಜನಕ್ಕೆ ಬೇಕಾದವೇ ಇವು, ಕುಷ್ಟಗಿಗೆ 2025ರಲ್ಲಿ ರೈಲು ಬಂದಾಗ ನಾನೂ ಸಂತೋಷಪಟ್ಟೆ. ಆದರೆ ಮಣ್ಣಿನ ಏರಿಯೊಂದು ಬಯಲನ್ನು ಸೀಳಿದಾಗ ಹಿಂಡು ಆ ಕಡೆ ಈ ಕಡೆ ಆಗುತ್ತದೆ. ಹಸಿರು ಮಾಡಲು ಹೊರಟವರೂ ತಪ್ಪು ಮಾಡುತ್ತಾರೆ. ಗಿಡವಿಲ್ಲದ ನೆಲ ಹಾಳು ನೆಲ ಎಂದು ತಿಳಿದು ಸಸಿ ನೆಡುತ್ತಾರೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದೇ 119 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದರು, ಅದರ ಬಹುಪಾಲು ನೀಲಗಿರಿ ತೋಪು. ಚಿಗರಿ ಮೇಯುವುದು ಹುಲ್ಲು, ಕಣ್ಣಿಗೆ ಬೇಕಾದದ್ದು ಬಯಲು. ನೀಲಗಿರಿಯ ಕೆಳಗೆ ಎರಡೂ ಇಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಮೀಸಲಾಗಿಸಿದರು. ಅಲ್ಲಿ ಅದನ್ನು ಹುಲ್ಲಾಗಿಯೇ ಬಿಟ್ಟದ್ದು ಸರಿಯಾದ ಕೆಲಸ.

ಬೇಲಿಜಾಲಿಯ ಕಾಯಿಯನ್ನು ಚಿಗರಿ ಇಷ್ಟಪಟ್ಟು ತಿನ್ನುತ್ತದೆ. ಹಿಕ್ಕೆಯಲ್ಲಿ ಬಿದ್ದ ಬೀಜ ಮೊಳೆಯುತ್ತದೆ. ತನ್ನ ಬಯಲನ್ನು ಮುಚ್ಚುವ ಮುಳ್ಳನ್ನು ತಾನೇ ಬಿತ್ತುತ್ತಿದೆ.

ಪಾಕಿಸ್ತಾನದಲ್ಲಿ ಕೃಷ್ಣಮೃಗ ಅಳಿದುಹೋಗಿ, ಅಮೆರಿಕದ ಟೆಕ್ಸಾಸಿನ ಜಮೀನುಗಳಲ್ಲಿ ಸಾಕಿದ್ದ ಚಿಗರಿಗಳನ್ನು ತರಿಸಿ ಲಾಲ್ ಸುಹಾನ್ರಾದಲ್ಲಿ ಮತ್ತೆ ಬೆಳೆಸಿದರು. ಕಳೆದುಕೊಂಡವರು ಅಷ್ಟು ದೂರ ಹೋಗಬೇಕಾಯಿತು. ನಮಗೆ ಬದುವಿನ ಆಚೆ ಇವೆ.

ಯಲಬುರ್ಗಾ, ಕುಕನೂರು, ಕುಷ್ಟಗಿಯ ಓದುಗರಿಗೆ ಮೂರು ಮಾತು. ನಿಮ್ಮೂರ ಗಾಯರಾಣಕ್ಕೆ ಸಸಿ ನೆಡುವ ಯೋಜನೆ ಗ್ರಾಮಸಭೆಗೆ ಬಂದರೆ, ಅಲ್ಲಿ ಚಿಗರಿ ನಿಲ್ಲುತ್ತವೆಯೇ ಎಂದು ಎದ್ದು ಕೇಳಿ. ನಿಂತರೆ ಆ ನೆಲವನ್ನು ಹುಲ್ಲಾಗಿಯೇ ಬಿಡಿ ಎಂದು ಠರಾವು ಬರೆಸಿ. ಬೆಳೆ ಹಾಳಾದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಅರ್ಜಿ ಹಾಕಿ, ಪರಿಹಾರ ಮುಂದಿನ ಬಿತ್ತನೆಗೆ ಮೊದಲೇ ಕೈಸೇರಬೇಕೆಂದು ಪಟ್ಟು ಹಿಡಿಯಿರಿ. ಅದು ನಿಮ್ಮ ಹಕ್ಕು. ಬೆಳೆಯಲ್ಲಿ ಮರಿ ಮಲಗಿದ್ದು ಕಂಡರೆ ಎತ್ತಬೇಡಿ, ಆ ಸಾಲನ್ನು ಅಂದಿಗೆ ಬಿಟ್ಟು ಮುಂದಿನ ಸಾಲಿನ ಕಳೆ ತೆಗೆಯಿರಿ.